ತನ್ನ ಉತ್ತರವನ್ನು ತಾನೇ ತೂಗಿ ನೋಡುವ ವಿದ್ಯಾರ್ಥಿ

1/2ಕ್ಕೆ 1/3 ಕೂಡಿಸಿದರೆ ಎಷ್ಟು? ಭಿನ್ನರಾಶಿ ಕಲಿಯುತ್ತಿರುವ ಯಾವ ತರಗತಿಯಲ್ಲಿ ಈ ಲೆಕ್ಕ ಕೊಟ್ಟರೂ ಒಂದಷ್ಟು ಮಕ್ಕಳು 2/5 ಎಂದು ಬರೆಯುತ್ತಾರೆ. ಮೇಲಿನ ಎರಡು ಅಂಕಿ ಕೂಡಿಸಿದರು, ಕೆಳಗಿನ ಎರಡು ಅಂಕಿ ಕೂಡಿಸಿದರು, ಮುಗಿಯಿತು. ಮೇಷ್ಟ್ರು ಕೆಂಪು ಶಾಯಿಯಲ್ಲಿ ಗೆರೆ ಎಳೆದು ಬೋರ್ಡಿನ ಮೇಲೆ 5/6 ಎಂದು ಬರೆಯುತ್ತಾರೆ. ಮಕ್ಕಳು ಅದನ್ನು ನೋಟ್‌ಬುಕ್ಕಿಗೆ ಇಳಿಸಿಕೊಳ್ಳುತ್ತಾರೆ. ಮುಂದಿನ ಕಿರುಪರೀಕ್ಷೆಯಲ್ಲಿ ಅದೇ ತಪ್ಪು ಮತ್ತೆ ಬರುತ್ತದೆ.

ಇದೇ ಲೆಕ್ಕವನ್ನು ಬೇರೆ ರೀತಿಯಲ್ಲೂ ನಡೆಸಬಹುದು. ಉತ್ತರ ಅರ್ಧಕ್ಕಿಂತ ಹೆಚ್ಚಿರಬೇಕೋ ಕಡಿಮೆಯಿರಬೇಕೋ ಎಂಬುದನ್ನು ಲೆಕ್ಕ ಮಾಡುವ ಮೊದಲೇ ಪುಟದ ಅಂಚಿನಲ್ಲಿ ಬರೆದಿಡಲು ಹೇಳಬೇಕು. ಅರ್ಧದ ಜೊತೆಗೆ ಇನ್ನಷ್ಟು ಸೇರುತ್ತಿರುವುದರಿಂದ ಹೆಚ್ಚೇ ಆಗಬೇಕು ಎಂದು ಮಗು ಬರೆಯುತ್ತದೆ. ಆಮೇಲೆ 2/5 ಬಂದಾಗ ಅನುಮಾನ ಹುಟ್ಟುತ್ತದೆ. ಐದರಲ್ಲಿ ಅರ್ಧವೆಂದರೆ ಎರಡೂವರೆ. ತನ್ನ ಬಳಿ ಇರುವುದು ಎರಡೇ. ಇದು ಅರ್ಧಕ್ಕಿಂತ ಕಡಿಮೆಯಾಯಿತಲ್ಲ! ಯಾರೂ ಗೆರೆ ಎಳೆಯುವ ಮೊದಲೇ ತಪ್ಪು ಸಿಕ್ಕಿಬಿದ್ದಿದೆ, ಹಿಡಿದದ್ದು ಬರೆದ ಮಗುವೇ.

ಮಾಡಿದ ಕೆಲಸವನ್ನು ಗೊತ್ತಿರುವ ಒಂದು ಅಳತೆಗೆ ಹಿಡಿದು ನೋಡಿ, ಕೊರತೆ ಎಲ್ಲಿದೆಯೆಂದು ಕಂಡುಕೊಂಡು, ತಿದ್ದಿಕೊಳ್ಳುವ ಈ ಅಭ್ಯಾಸವೇ ಸ್ವಮೌಲ್ಯಮಾಪನ. ಶಿಕ್ಷಕರ ತರಬೇತಿ ಕೈಪಿಡಿಗಳಲ್ಲಿ ಈ ಮಾತು ಬಹಳ ಕಾಲದಿಂದ ಇದೆ. ರಾಷ್ಟ್ರೀಯ ಶಿಕ್ಷಣ ನೀತಿ ಅದನ್ನು ಪ್ರಗತಿ ಪತ್ರದೊಳಕ್ಕೂ ತಂದಿದೆ. ಆದರೆ ಇದರಿಂದ ಕಲಿಕೆ ನಿಜಕ್ಕೂ ಸುಧಾರಿಸುತ್ತದೆಯೇ? ಸುಧಾರಿಸುವುದಾದರೆ ಯಾವಾಗ, ಯಾವಾಗ ಕೈಕೊಡುತ್ತದೆ? ಈ ಪ್ರಶ್ನೆಗಳ ಸುತ್ತ ಮೂರೂವರೆ ದಶಕಗಳಿಂದ ನಡೆದಿರುವ ಸಂಶೋಧನೆಯ ರಾಶಿ ದೊಡ್ಡದು. ಅದು ಹೇಳುವ ಮಾತು ಮಾತ್ರ ಸಾಕಷ್ಟು ಸ್ಪಷ್ಟವಾಗಿದೆ.

ಚರ್ಚೆಗೆ ಗಟ್ಟಿ ನೆಲೆ ಒದಗಿಸಿದ್ದು ಆಸ್ಟ್ರೇಲಿಯಾದ ಶಿಕ್ಷಣ ಚಿಂತಕ ರಾಯ್ಸ್ ಸ್ಯಾಡ್ಲರ್ 1989ರಲ್ಲಿ ಬರೆದ ಪ್ರಬಂಧ. ಶಿಕ್ಷಕರು ಎಷ್ಟೇ ಚೆನ್ನಾಗಿ ತಪ್ಪು ತೋರಿಸಿಕೊಟ್ಟರೂ ಕೆಲವು ವಿದ್ಯಾರ್ಥಿಗಳು ಸುಧಾರಿಸುವುದಿಲ್ಲವೇಕೆ ಎಂಬುದು ಅವರ ಪ್ರಶ್ನೆ. ವಿದ್ಯಾರ್ಥಿ ಮುಂದೆ ಸಾಗಬೇಕಾದರೆ ಮೂರು ಸಂಗತಿ ಅವನಿಗೇ ತಿಳಿದಿರಬೇಕು ಎಂದು ಅವರು ವಾದಿಸಿದರು: ಒಳ್ಳೆಯ ಕೆಲಸವೆಂದರೆ ಹೇಗಿರುತ್ತದೆ, ತನ್ನ ಕೆಲಸ ಅದಕ್ಕೆ ಹೋಲಿಸಿದರೆ ಎಲ್ಲಿದೆ, ನಡುವಿನ ಅಂತರವನ್ನು ದಾಟಲು ಏನು ಮಾಡಬೇಕು. ಈ ಮೂರೂ ಶಿಕ್ಷಕರ ತಲೆಯಲ್ಲೇ ಉಳಿದರೆ ವಿದ್ಯಾರ್ಥಿ ಕೊನೆಯವರೆಗೂ ಶಿಕ್ಷಕರ ಮುಖ ನೋಡುತ್ತಲೇ ಇರುತ್ತಾನೆ.

1998ರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜಿನ ಪಾಲ್ ಬ್ಲ್ಯಾಕ್ ಮತ್ತು ಡಿಲನ್ ವಿಲಿಯಮ್ ತರಗತಿಯೊಳಗಿನ ಮೌಲ್ಯಮಾಪನದ ಬಗ್ಗೆ ಬಂದಿದ್ದ ಸುಮಾರು 250 ಅಧ್ಯಯನಗಳನ್ನು ಒಟ್ಟಿಗಿಟ್ಟು ಪರಿಶೀಲಿಸಿದರು. ಪಾಠದ ನಡುವೆಯೇ ಮಕ್ಕಳ ಕಲಿಕೆಯನ್ನು ಗಮನಿಸುತ್ತ, ಅದಕ್ಕೆ ತಕ್ಕಂತೆ ಪಾಠವನ್ನು ಬದಲಿಸುವ ಕಡೆ ಫಲಿತಾಂಶ ಗಣನೀಯವಾಗಿ ಮೇಲೇರಿತ್ತು. ಹಿಂದುಳಿದ ಮಕ್ಕಳಿಗೆ ಲಾಭ ಇನ್ನೂ ಹೆಚ್ಚು. ಈ ಬಗೆಯ ಮೌಲ್ಯಮಾಪನದಲ್ಲಿ ಸ್ವಮೌಲ್ಯಮಾಪನ ಇದ್ದರೂ ಆಗುತ್ತದೆ ಇಲ್ಲದಿದ್ದರೂ ಆಗುತ್ತದೆ ಎಂಬಂಥ ಭಾಗವಲ್ಲ, ಅದಿಲ್ಲದೆ ಉಳಿದದ್ದು ನಡೆಯುವುದೇ ಇಲ್ಲ ಎಂಬುದು ಅವರ ತೀರ್ಮಾನವಾಗಿತ್ತು.

ಆ ಸಮೀಕ್ಷೆಯಲ್ಲಿ ಪೋರ್ಚುಗಲ್ ದೇಶದ ಒಂದು ಪ್ರಯೋಗಕ್ಕೆ ವಿಶೇಷ ಸ್ಥಾನವಿದೆ. ಫಾಂಟಾನಾ ಮತ್ತು ಫರ್ನಾಂಡಿಸ್ ಎಂಬ ಸಂಶೋಧಕರು ಅಲ್ಲಿನ 25 ಮಂದಿ ಗಣಿತ ಶಿಕ್ಷಕರಿಗೆ 20 ವಾರಗಳ ಅವಧಿಯ ತರಬೇತಿ ಕೊಟ್ಟರು. ಶಿಕ್ಷಕರು ಕಲಿತದ್ದನ್ನು ತಮ್ಮ ತರಗತಿಗಳಲ್ಲಿ ದಿನನಿತ್ಯ ಅಳವಡಿಸುತ್ತ ಹೋದರು. ಮಕ್ಕಳಿಗೆ ಕಲಿಕೆಯ ಗುರಿ ಏನೆಂದು ಅರ್ಥವಾಗಬೇಕು, ತಮಗೆ ತಕ್ಕ ಚಟುವಟಿಕೆಯನ್ನು ಅವರೇ ಆರಿಸಿಕೊಳ್ಳಬೇಕು, ಮಾಡಿದ ಮೇಲೆ ಹೇಗಾಯಿತೆಂದು ಅವರೇ ನೋಡಿಕೊಳ್ಳಬೇಕು. 1994ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಎಂಟು ಒಂಬತ್ತು ವರ್ಷದ ಮಕ್ಕಳಲ್ಲಿ ಈ ತರಗತಿಗಳ ಪ್ರಗತಿ ಹೋಲಿಕೆಗೆ ಇಟ್ಟುಕೊಂಡ ತರಗತಿಗಳ ಪ್ರಗತಿಯ ಸರಿಸುಮಾರು ಎರಡರಷ್ಟಿತ್ತು. ಎಂಟು ವರ್ಷವೆಂದರೆ ನಮ್ಮ ಮೂರನೇ ತರಗತಿ. ಚಿಕ್ಕ ಮಕ್ಕಳಿಗೆ ಇದೆಲ್ಲ ಆಗುವುದಿಲ್ಲ ಎನ್ನುವವರು ಈ ಪ್ರಯೋಗವನ್ನು ಗಮನಿಸಬೇಕು.

ಅಮೆರಿಕದ ವೈಟ್ ಮತ್ತು ಫ್ರೆಡರಿಕ್ಸನ್ 1998ರಲ್ಲಿ ಪ್ರಕಟಿಸಿದ ಅಧ್ಯಯನ ನಗರದ ಮಾಧ್ಯಮಿಕ ಶಾಲೆಗಳ ವಿಜ್ಞಾನ ತರಗತಿಗಳದ್ದು. ಬಲ ಮತ್ತು ಚಲನೆಯ ಪಾಠ ಎಲ್ಲರಿಗೂ ಒಂದೇ. ಅರ್ಧದಷ್ಟು ತರಗತಿಗಳಲ್ಲಿ ವಿದ್ಯಾರ್ಥಿಗಳು ತಮ್ಮ ಮತ್ತು ಗೆಳೆಯರ ಪ್ರಯೋಗಗಳನ್ನು ಕೆಲವು ಮಾನದಂಡಗಳಿಗೆ ಹಿಡಿದು ನೋಡಿ, ತಮ್ಮ ತೀರ್ಮಾನಕ್ಕೆ ಕಾರಣ ಬರೆಯುತ್ತಿದ್ದರು. ಉಳಿದ ತರಗತಿಗಳಲ್ಲಿ ಆ ಸಮಯ ಪಾಠದ ಬಗೆಗಿನ ಸಾಮಾನ್ಯ ಚರ್ಚೆಗೆ ಹೋಗುತ್ತಿತ್ತು. ಹಿಂದಿನ ಪರೀಕ್ಷೆಗಳಲ್ಲಿ ಕಡಿಮೆ ಅಂಕ ಪಡೆದಿದ್ದ ಮಕ್ಕಳಿಗೇ ಹೀಗೆ ತಮ್ಮ ಕೆಲಸವನ್ನು ತೂಗಿ ನೋಡಿದ್ದರಿಂದ ಹೆಚ್ಚು ಲಾಭವಾಯಿತು. ಮುಂದಿದ್ದವರಿಗೂ ಹಿಂದಿದ್ದವರಿಗೂ ನಡುವಿನ ಅಂತರ ಕಿರಿದಾಯಿತು. ಬುದ್ಧಿವಂತ ಮಕ್ಕಳು ತಮ್ಮ ಕೆಲಸವನ್ನು ಪರಿಶೀಲಿಸುವ ವಿದ್ಯೆಯನ್ನು ಹೇಗೋ ಮನೆಯಿಂದಲೋ ಅನುಭವದಿಂದಲೋ ಕಲಿತಿರುತ್ತಾರೆ. ಅದನ್ನು ಶಾಲೆಯೇ ಕಲಿಸಬೇಕಾದದ್ದು ಉಳಿದವರಿಗೆ. ಈ ಇಡೀ ವಿಷಯದಲ್ಲಿ ನ್ಯಾಯದ ಪ್ರಶ್ನೆಯೂ ಇದೆ ಎನ್ನಲು ಇದಕ್ಕಿಂತ ಬೇರೆ ಕಾರಣ ಬೇಕಿಲ್ಲ.

ನಮ್ಮಲ್ಲಿ ಕೂಡಲೇ ಏಳುವ ಆಕ್ಷೇಪ ಪಬ್ಲಿಕ್ ಪರೀಕ್ಷೆಯದು. ಇದೆಲ್ಲ ಆಟದ ಪಾಠಕ್ಕೆ ಸರಿ, ಹತ್ತನೇ ತರಗತಿಗೆ ಬಂದ ಮೇಲೆ ಪೋರ್ಷನ್ ಮುಗಿಸಬೇಡವೇ ಎಂದು ಶಿಕ್ಷಕರು ಕೇಳುತ್ತಾರೆ. ಕೆರಿಬಿಯನ್ ನಾಡಿನಲ್ಲಿ ಮೆಕ್‌ಡೊನಾಲ್ಡ್ ಮತ್ತು ಬೌಡ್ ನಡೆಸಿದ ಅಧ್ಯಯನ ಈ ಪ್ರಶ್ನೆಯನ್ನೇ ಎತ್ತಿಕೊಂಡಿತ್ತು. ಅಲ್ಲಿಯೂ ಶಾಲೆಯ ಕೊನೆಗೆ ಹೊರಗಿನ ಮಂಡಳಿ ನಡೆಸುವ ಪರೀಕ್ಷೆ ಇದೆ. ಕೊನೆಯ ವರ್ಷದ ವಿದ್ಯಾರ್ಥಿಗಳಲ್ಲಿ ಒಂದು ಗುಂಪಿಗೆ ಸ್ವಮೌಲ್ಯಮಾಪನದ ಕ್ರಮಬದ್ಧ ತರಬೇತಿ ಸಿಕ್ಕಿತು. 2003ರಲ್ಲಿ ಪ್ರಕಟವಾದ ವರದಿಯಂತೆ, ಆ ಗುಂಪು ಪಬ್ಲಿಕ್ ಪರೀಕ್ಷೆಯಲ್ಲಿ ಉಳಿದವರಿಗಿಂತ ಚೆನ್ನಾಗಿ ಮಾಡಿತು.

ಹಾಗೆಂದು ಎಲ್ಲ ಅಧ್ಯಯನಗಳೂ ಹೀಗೆ ಸಿಹಿಯಾಗಿಲ್ಲ. ನ್ಯೂಜಿಲೆಂಡಿನ ಗ್ಯಾವಿನ್ ಬ್ರೌನ್ ಮತ್ತು ಲೋಯಿಸ್ ಹ್ಯಾರಿಸ್ 2013ರಲ್ಲಿ ಶಾಲಾ ಮಕ್ಕಳ ಸ್ವಮೌಲ್ಯಮಾಪನದ ಸಂಶೋಧನೆಗಳನ್ನು ಒಟ್ಟುಮಾಡಿ ನೋಡಿದಾಗ ಪರಿಣಾಮದ ಅಳತೆ ಸೊನ್ನೆಗಿಂತ ತುಸು ಕೆಳಗಿನಿಂದ ಹಿಡಿದು 1.6ರವರೆಗೂ ಹರಡಿತ್ತು. ನಡುವಿನ ಬೆಲೆ ಸುಮಾರು 0.4. ಅಂದರೆ 100 ಮಕ್ಕಳನ್ನು ಅಂಕದ ಪ್ರಕಾರ ಸಾಲಾಗಿ ನಿಲ್ಲಿಸಿದರೆ, ನಡುವಿನಲ್ಲಿರುವ ಮಗು ಸುಮಾರು 15 ಮಂದಿಯನ್ನು ದಾಟಿ ಮುಂದೆ ಹೋಗುವಷ್ಟು. ಇದು ಸಣ್ಣ ಲಾಭವೇನಲ್ಲ. ಆದರೆ ಒಂದು ಕಡೆ ಏನೂ ಆಗದೆ, ಇನ್ನೊಂದು ಕಡೆ ಅಷ್ಟೊಂದು ಆದದ್ದು ಏಕೆ ಎಂಬುದೇ ಇಲ್ಲಿ ಮುಖ್ಯ ಪ್ರಶ್ನೆ.

ಜಾನ್ ಹ್ಯಾಟಿ ಅವರ 2009ರ ಪ್ರಸಿದ್ಧ ಪುಸ್ತಕದಿಂದ ಹುಟ್ಟಿಕೊಂಡ ತಪ್ಪು ತಿಳಿವಳಿಕೆಯೊಂದನ್ನು ಇಲ್ಲಿಯೇ ಸರಿಪಡಿಸಬೇಕು. ಕಲಿಕೆಯ ಮೇಲೆ ಪರಿಣಾಮ ಬೀರುವ ಅಂಶಗಳ ಅವರ ಪಟ್ಟಿಯ ತುದಿಯಲ್ಲಿದ್ದದ್ದು ವಿದ್ಯಾರ್ಥಿಗಳು ತಾವೇ ಹೇಳಿದ ತಮ್ಮ ಅಂಕಗಳು. ಪರಿಣಾಮದ ಅಳತೆ 1.44. ತರಬೇತಿ ಶಿಬಿರಗಳಲ್ಲಿ ಇದನ್ನು ತೋರಿಸಿ, ಮಕ್ಕಳಿಂದ ಅಂಕ ಹಾಕಿಸಿದರೆ ಕಲಿಕೆ ಇಷ್ಟು ಹೆಚ್ಚುತ್ತದೆ ಎಂದು ಹೇಳುವುದುಂಟು. ಆ ಸಂಖ್ಯೆಯ ಹಿಂದಿರುವ ಅಧ್ಯಯನಗಳು ಹೇಳುವುದು ಬೇರೆ. ತನಗೆ ಎಷ್ಟು ಅಂಕ ಬಂದಿದೆ ಅಥವಾ ಬರಬಹುದು ಎಂಬುದನ್ನು ವಿದ್ಯಾರ್ಥಿ ಬಹುಮಟ್ಟಿಗೆ ಸರಿಯಾಗಿ ಹೇಳಬಲ್ಲ ಎಂಬಷ್ಟೇ ಅದರ ಅರ್ಥ. ಮಳೆ ಬರುತ್ತದೆಂದು ಸರಿಯಾಗಿ ಊಹಿಸಿದ ಮಾತ್ರಕ್ಕೆ ಮಳೆ ಹೆಚ್ಚು ಸುರಿಯುವುದಿಲ್ಲ.

ಆ ಊಹೆಯಾದರೂ ಎಲ್ಲರದ್ದೂ ಸರಿಯಿರುವುದಿಲ್ಲ. ಕಾರ್ನೆಲ್ ವಿಶ್ವವಿದ್ಯಾಲಯದ ಜಸ್ಟಿನ್ ಕ್ರೂಗರ್ ಮತ್ತು ಡೇವಿಡ್ ಡನಿಂಗ್ 1999ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ನೂರರ ಸಾಲಿನಲ್ಲಿ ಕೆಳಗಿನಿಂದ ಸರಾಸರಿ 12ನೇ ಸ್ಥಾನದಲ್ಲಿದ್ದವರು ತಾವು 62ನೇ ಸ್ಥಾನದಲ್ಲಿದ್ದೇವೆ ಎಂದುಕೊಂಡಿದ್ದರು. ಈ ಭಾಗವನ್ನು ಎಲ್ಲರೂ ಉಲ್ಲೇಖಿಸುತ್ತಾರೆ. ಅದೇ ಪ್ರಬಂಧದ ಇನ್ನೊಂದು ಭಾಗ ಶಿಕ್ಷಕರಿಗೆ ಹೆಚ್ಚು ಬೆಲೆಯುಳ್ಳದ್ದು. ಅದೇ ಜನರಿಗೆ ತರ್ಕದ ಸಣ್ಣ ತರಬೇತಿ ಕೊಟ್ಟಾಗ, ತಮ್ಮ ಹಳೆಯ ಉತ್ತರಗಳಲ್ಲಿ ಯಾವುದು ಸರಿ ಯಾವುದು ತಪ್ಪು ಎಂಬ ಅವರ ಅಂದಾಜು ಸುಧಾರಿಸಿತು. ವಿಷಯದ ಅರಿವು ಬೆಳೆಯುತ್ತಿದ್ದಂತೆ ತನ್ನನ್ನು ಅಳೆದುಕೊಳ್ಳುವ ಶಕ್ತಿಯೂ ಬೆಳೆಯುತ್ತದೆ. ಹಾಗಾಗಿ ಪಾಠವನ್ನೇ ಮಾಡದೆ ಮೌಲ್ಯಮಾಪನವನ್ನು ಮಗುವಿನ ಕೈಗೆ ಬಿಟ್ಟರೆ ಏನೂ ಸಾಧಿಸಿದಂತಾಗುವುದಿಲ್ಲ.

ಅಂಕದ ವಿಚಾರಕ್ಕೆ ಬಂದರೆ ಇಸ್ರೇಲಿನ ರೂತ್ ಬಟ್ಲರ್ 1988ರಲ್ಲಿ ನಡೆಸಿದ ಪ್ರಯೋಗವನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಒಂದು ಗುಂಪಿನ ಮಕ್ಕಳಿಗೆ ಬರೀ ಅಂಕ ಕೊಟ್ಟರು, ಇನ್ನೊಂದಕ್ಕೆ ಬರೀ ಟಿಪ್ಪಣಿ, ಮೂರನೆಯದಕ್ಕೆ ಎರಡೂ. ಟಿಪ್ಪಣಿ ಮಾತ್ರ ಪಡೆದವರು ಮುಂದಿನ ಕೆಲಸದಲ್ಲಿ ಸುಧಾರಿಸಿದರು. ಅಂಕ ಮತ್ತು ಟಿಪ್ಪಣಿ ಎರಡನ್ನೂ ಪಡೆದವರಿಗೆ ಟಿಪ್ಪಣಿಯ ಲಾಭ ಸಿಗಲೇ ಇಲ್ಲ. ಅಂಕ ಕಂಡ ಕೂಡಲೇ ಕಣ್ಣು ಪಕ್ಕದವನ ಪೇಪರಿನ ಕಡೆ ಹೋಗುತ್ತದೆ ಎಂಬುದನ್ನು ಉತ್ತರ ಪತ್ರಿಕೆ ಹಂಚಿದ ಯಾವ ಶಿಕ್ಷಕರೂ ಬಲ್ಲರು. ಸ್ವಮೌಲ್ಯಮಾಪನಕ್ಕೂ ಇದು ಅನ್ವಯಿಸುತ್ತದೆ. ತನಗೆ ತಾನೇ ಕೊಟ್ಟುಕೊಂಡ ಅಂಕ ಅಂತಿಮ ಫಲಿತಾಂಶಕ್ಕೆ ಸೇರುತ್ತದೆ ಎಂದಾದರೆ ಮಗು ತನ್ನ ತಪ್ಪನ್ನು ಏಕೆ ಒಪ್ಪಿಕೊಳ್ಳಬೇಕು? ಈ ಕ್ಷೇತ್ರದಲ್ಲಿ ದೀರ್ಘಕಾಲ ಕೆಲಸ ಮಾಡಿರುವ ಅಮೆರಿಕದ ಹೈಡಿ ಆಂಡ್ರೇಡ್, ಸ್ವಮೌಲ್ಯಮಾಪನವನ್ನು ಅಂಕಕ್ಕೆ ಸೇರಿಸಲೇಬಾರದು, ಅದು ತಿದ್ದಿಕೊಳ್ಳುವುದಕ್ಕಾಗಿ ಮಾತ್ರ ಇರಬೇಕು ಎನ್ನುತ್ತ ಬಂದಿದ್ದಾರೆ.

ಆಂಡ್ರೇಡ್ ತರಗತಿಯಲ್ಲಿ ಬಳಸುವ ಕ್ರಮ ಬಹಳ ಸರಳ. ಮೊದಲು ಒಂದು ಒಳ್ಳೆಯ ಬರಹ ಓದಿ, ಅದು ಯಾಕೆ ಚೆನ್ನಾಗಿದೆ ಎಂದು ಮಕ್ಕಳೇ ಹೇಳುತ್ತಾರೆ. ಆ ಮಾತುಗಳಿಂದ ಮಾನದಂಡಗಳ ಪಟ್ಟಿ, ಅಂದರೆ ರೂಬ್ರಿಕ್ಸ್ ತಯಾರಾಗುತ್ತದೆ. ಆಮೇಲೆ ಬಣ್ಣದ ಪೆನ್ಸಿಲ್. ಪಟ್ಟಿಯಲ್ಲಿ ಅಭಿಪ್ರಾಯ ಸ್ಪಷ್ಟವಾಗಿರಬೇಕು ಎಂಬ ಸಾಲಿಗೆ ನೀಲಿ ಗೆರೆ ಎಳೆದರೆ, ತನ್ನ ಕರಡಿನಲ್ಲಿ ಆ ಅಭಿಪ್ರಾಯ ಇರುವ ವಾಕ್ಯಕ್ಕೂ ನೀಲಿ ಗೆರೆ ಎಳೆಯಬೇಕು. ಎಳೆಯಲು ವಾಕ್ಯವೇ ಸಿಗದಿದ್ದರೆ ಅದನ್ನು ಬರೆಯಬೇಕು. ಮೂರು ಮತ್ತು ನಾಲ್ಕನೇ ತರಗತಿಯ ಮಕ್ಕಳ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹೀಗೆ ಕರಡು ತಿದ್ದಿದ ಮಕ್ಕಳ ಬರಹ ಉಳಿದವರದಕ್ಕಿಂತ ಚೆನ್ನಾಗಿತ್ತು.

ಈ ಕ್ರಮ ಕನ್ನಡ ತರಗತಿಗೆ ಹೇಳಿ ಮಾಡಿಸಿದಂತಿದೆ. ಪ್ರೌಢಶಾಲೆಯಲ್ಲಿ ಪತ್ರಲೇಖನ ಎಲ್ಲರಿಗೂ ಬರುವ ಪ್ರಶ್ನೆ. ಬೀದಿದೀಪ ಸರಿಪಡಿಸುವಂತೆ ಗ್ರಾಮ ಪಂಚಾಯಿತಿ ಅಧ್ಯಕ್ಷರಿಗೆ ಪತ್ರ ಬರೆಯಬೇಕು ಎಂದುಕೊಳ್ಳೋಣ. ‘ಇಂದ’, ‘ಗೆ’, ‘ವಿಷಯ’, ‘ಮಾನ್ಯರೇ’, ಕೊನೆಗೆ ಸಹಿ. ಈ ಚೌಕಟ್ಟನ್ನು ಮಕ್ಕಳು ಬಾಯಿಪಾಠ ಮಾಡಿರುತ್ತಾರೆ, ಅದಕ್ಕೆ ಅಂಕವೂ ಬರುತ್ತದೆ. ಒಳಗಿನ ಮಾತು ಮಾತ್ರ ಗೈಡಿನದು. ಯಾವ ಬೀದಿ, ಎಷ್ಟು ದಿನದಿಂದ ಕತ್ತಲು, ಅದರಿಂದ ಯಾರಿಗೆ ತೊಂದರೆ, ಪಂಚಾಯಿತಿಯವರು ಏನು ಮಾಡಬೇಕು ಎಂಬ ನಾಲ್ಕು ಪ್ರಶ್ನೆಗೆ ನಾಲ್ಕು ಬಣ್ಣ ಕೊಟ್ಟು, ತಮ್ಮ ಪತ್ರದಲ್ಲೇ ಉತ್ತರ ಹುಡುಕಿ ಗೆರೆ ಎಳೆಯಿರಿ ಎಂದರೆ ಬಹಳಷ್ಟು ಪತ್ರಗಳಲ್ಲಿ ಒಂದೆರಡು ಬಣ್ಣ ಕಾಣುವುದೇ ಇಲ್ಲ. ಪತ್ರ ಯಾಕೆ ಸಪ್ಪೆಯಾಗಿದೆ ಎಂದು ಶಿಕ್ಷಕರು ಹೇಳಬೇಕಾಗಿಲ್ಲ. ಕಾಗುಣಿತಕ್ಕೂ ಇದೇ ದಾರಿ. ಒಬ್ಬಳಿಗೆ ಒತ್ತಕ್ಷರ ಬಿಟ್ಟುಹೋಗುತ್ತದೆ, ಇನ್ನೊಬ್ಬ ‘ಹಾಲು’ ಬರೆಯಬೇಕಾದಲ್ಲಿ ‘ಆಲು’ ಎಂದು ಬರೆಯುತ್ತಾನೆ, ಮತ್ತೊಬ್ಬನಿಗೆ ಮಹಾಪ್ರಾಣದ ತೊಡಕು. ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ತನ್ನ ತನ್ನ ತಪ್ಪಿನ ಪಟ್ಟಿ ಇಟ್ಟುಕೊಂಡು, ಬರಹ ಒಪ್ಪಿಸುವ ಮೊದಲು ಆ ಒಂದೆರಡನ್ನು ಮಾತ್ರ ಹುಡುಕುವ ರೂಢಿ ಬಂದರೆ ಸಾಕು.

ಇಂಗ್ಲೆಂಡಿನಲ್ಲಿ ಬ್ಲ್ಯಾಕ್ ಮತ್ತು ವಿಲಿಯಮ್ ತಂಡ 1999ರಿಂದ ಮೆಡ್‌ವೇ ಮತ್ತು ಆಕ್ಸ್‌ಫರ್ಡ್‌ಶೈರ್ ಶಾಲೆಗಳ ಶಿಕ್ಷಕರ ಜೊತೆ ನಡೆಸಿದ ಯೋಜನೆಯಲ್ಲಿ ಟ್ರಾಫಿಕ್ ಸಿಗ್ನಲ್ ಬಣ್ಣಗಳ ವಿಧಾನ ಬಳಕೆಗೆ ಬಂತು. ಅರ್ಥವಾಗಿದ್ದರೆ ಹಸಿರು, ಅರೆಬರೆಯಾಗಿದ್ದರೆ ಹಳದಿ, ಆಗಿಲ್ಲದಿದ್ದರೆ ಕೆಂಪು. ಹಸಿರು ಹಳದಿಯವರು ಜೋಡಿಯಾಗಿ ಕೂತು ಒಬ್ಬರಿಗೊಬ್ಬರು ಹೇಳಿಕೊಡುತ್ತಿದ್ದರು, ಶಿಕ್ಷಕರು ಕೆಂಪಿನವರ ಬಳಿ ಹೋಗುತ್ತಿದ್ದರು. ಈ ವಿಧಾನ ಈಗ ಜಗತ್ತಿನ ನಾನಾ ಕಡೆ ಹಬ್ಬಿದೆ. ಆದರೆ ಕೆಂಪು ಕಾರ್ಡು ಎತ್ತಿ ಹಿಡಿಯುವುದು ಎಲ್ಲರೆದುರು ದಡ್ಡನೆಂದು ಒಪ್ಪಿಕೊಂಡಂತೆ ಎಂದು ಮಗುವಿಗೆ ಅನಿಸಿದರೆ, ತರಗತಿಯಲ್ಲಿ ಹಸಿರು ಮಾತ್ರ ಕಾಣುತ್ತದೆ. ಮಕ್ಕಳು ಗೆಳೆಯರ ಮುಂದೆ ಮಾನ ಉಳಿಸಿಕೊಳ್ಳಲು, ಶಿಕ್ಷಕರಿಗೆ ಬೇಸರ ಮಾಡದಿರಲು ನಿಜವಲ್ಲದ್ದನ್ನು ಬರೆಯುತ್ತಾರೆ ಎಂಬುದನ್ನು ಹ್ಯಾರಿಸ್ ಮತ್ತು ಬ್ರೌನ್ ನ್ಯೂಜಿಲೆಂಡಿನ ತರಗತಿಗಳಲ್ಲೇ ಕಂಡರು. ತಪ್ಪು ಹೇಳಿದವರನ್ನು ನಿಲ್ಲಿಸುವ ರೂಢಿ ಇನ್ನೂ ಇರುವ ನಮ್ಮ ತರಗತಿಗಳಿಗೆ ಈ ಎಚ್ಚರ ಹೆಚ್ಚು ಬೇಕು. ಬಣ್ಣವನ್ನು ಪುಸ್ತಕದ ಅಂಚಿನಲ್ಲಿ, ಶಿಕ್ಷಕರ ಕಣ್ಣಿಗೆ ಮಾತ್ರ ಬೀಳುವಂತೆ ಹಾಕಿಸಿದರೆ ಅರ್ಧ ಸಮಸ್ಯೆ ತೀರುತ್ತದೆ.

ಕರ್ನಾಟಕಕ್ಕೆ ಈ ವಿಚಾರ ಹೊಸದೂ ಅಲ್ಲ, ಆಮದೂ ಅಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಆಂಧ್ರಪ್ರದೇಶದ ರಿಷಿವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿ ಬಂದ ಸರ್ಕಾರಿ ಶಾಲೆಯ ಶಿಕ್ಷಕರು ಯುನಿಸೆಫ್ ನೆರವಿನಿಂದ ನಲಿ ಕಲಿ ಎಂಬ ಕಲಿಕಾ ಕ್ರಮವನ್ನು ಕಟ್ಟಿದರು. ಕಲಿಕೆಯನ್ನು ಮೈಲಿಗಲ್ಲುಗಳಾಗಿ, ಮೆಟ್ಟಿಲುಗಳಾಗಿ ಒಡೆದು ಗೋಡೆಯ ಮೇಲಿನ ಕಲಿಕಾ ಏಣಿಯಲ್ಲಿ ಬರೆದರು. ಮಗು ಏಣಿಯಲ್ಲಿ ತಾನೆಲ್ಲಿದ್ದೇನೆ ಎಂದು ನೋಡಿ, ಮುಂದಿನ ಚಿತ್ರದ ಕಾರ್ಡನ್ನು ತಾನೇ ತೆಗೆದುಕೊಂಡು ತನ್ನ ‘ತಟ್ಟೆ’ಗೆ, ಅಂದರೆ ಗುಂಪಿಗೆ, ಹೋಗಿ ಕೂರುತ್ತದೆ. ಒಂದು ತಟ್ಟೆಯಲ್ಲಿ ಶಿಕ್ಷಕರ ಪೂರ್ತಿ ನೆರವು, ಇನ್ನೊಂದರಲ್ಲಿ ಸಹಪಾಠಿಗಳದು, ಮತ್ತೊಂದರಲ್ಲಿ ಸ್ವಂತ ಕಲಿಕೆ. ಯಾರು ಎಲ್ಲಿಗೆ ಬಂದಿದ್ದಾರೆ ಎಂಬುದು ಗೋಡೆಯ ‘ಪ್ರಗತಿ ನೋಟ’ದಲ್ಲಿ ಕಾಣುತ್ತದೆ. ಸ್ಯಾಡ್ಲರ್ ಹೇಳಿದ ಮೂರು ಸಂಗತಿಗಳಲ್ಲಿ ಎಲ್ಲಿದ್ದೇನೆ, ಮುಂದೇನು ಎಂಬ ಎರಡೂ ಆರು ವರ್ಷದ ಮಗುವಿನ ಕಣ್ಣೆದುರು ಬಂದಿದ್ದವು. ಮುಂದೆ ರಾಜ್ಯದಾದ್ಯಂತ ಸರ್ಕಾರಿ ಶಾಲೆಗಳ ಮೊದಲ ತರಗತಿಗಳಿಗೆ ಅದು ಹಬ್ಬಿತು. ದುಃಖದ ಸಂಗತಿಯೆಂದರೆ ನಲಿ ಕಲಿ ಮುಗಿಸಿ ನಾಲ್ಕನೇ ತರಗತಿಗೆ ಕಾಲಿಟ್ಟ ಮಗುವಿಗೆ ಆ ಏಣಿಯೂ ಇಲ್ಲ, ತನ್ನ ಸ್ಥಾನ ತಾನೇ ನೋಡಿಕೊಳ್ಳುವ ಅವಕಾಶವೂ ಇಲ್ಲ. ಮೂರು ವರ್ಷ ಬೆಳೆಸಿದ ಅಭ್ಯಾಸವನ್ನು ಶಾಲೆಯೇ ಕೈಬಿಡುತ್ತದೆ.

2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಕಲಮು ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನವನ್ನು ಕಡ್ಡಾಯ ಮಾಡಿತು. ಅದರ ಹಿಂದಿನ ಆಶಯ ದೊಡ್ಡದು. ಶಾಲೆಗೆ ಬರುವಷ್ಟರಲ್ಲಿ ಅದು ನಾಲ್ಕು ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ), ಎರಡು ಎಸ್‌ಎ (ಸಂಕಲನಾತ್ಮಕ ಮೌಲ್ಯಮಾಪನ), ಒಂದು ಹೊರೆ ದಾಖಲೆ ಆಯಿತು. ರೂಪಣಾತ್ಮಕ ಮೌಲ್ಯಮಾಪನ ಎಂದರೆ ಕಲಿಕೆ ರೂಪುಗೊಳ್ಳುತ್ತಿರುವಾಗಲೇ ನೋಡಿ ತಿದ್ದುವುದು. ಅದಕ್ಕೇ ಅಂಕ ಕೊಟ್ಟು, ಕ್ರೋಡೀಕರಿಸಿ, ಆನ್‌ಲೈನಿನಲ್ಲಿ ತುಂಬಬೇಕಾದಾಗ ತಿದ್ದುವ ಮಾತು ಹಿಂದೆ ಸರಿಯಿತು. ಎಫ್‌ಎ ಸಣ್ಣ ಪರೀಕ್ಷೆಯಾಗಿಬಿಟ್ಟಿತು. ಈ ದೋಷವನ್ನು ಶಿಕ್ಷಕರ ತಲೆಗೆ ಕಟ್ಟುವುದು ಸರಿಯಲ್ಲ. ಒಬ್ಬರೇ ಎರಡು ಮೂರು ತರಗತಿ ನೋಡಿಕೊಳ್ಳುವ ಶಾಲೆಯಲ್ಲಿ ದಾಖಲೆ ಕೇಳುವವರು ಹಲವರು, ತಿದ್ದಿದ ನೋಟ್‌ಬುಕ್ ಕೇಳುವವರು ಕಡಿಮೆ.

ರಾಷ್ಟ್ರೀಯ ಶಿಕ್ಷಣ ನೀತಿ 2020 ಪ್ರಗತಿ ಪತ್ರದಲ್ಲಿ ಶಿಕ್ಷಕರ ಮೌಲ್ಯಮಾಪನದ ಜೊತೆಗೆ ಸ್ವಮೌಲ್ಯಮಾಪನ ಮತ್ತು ಸಹಪಾಠಿ ಮೌಲ್ಯಮಾಪನ ಇರಬೇಕೆಂದು ಹೇಳಿದೆ. ಎನ್‌ಸಿಇಆರ್‌ಟಿಯ ಅಂಗವಾದ ಪರಖ್ ಸಂಸ್ಥೆ ರೂಪಿಸಿರುವ ಸಮಗ್ರ ಪ್ರಗತಿ ಪತ್ರದಲ್ಲಿ ಚಿಕ್ಕ ಮಕ್ಕಳಿಗೆ ನಗುಮುಖ, ಸಪ್ಪೆಮುಖದ ಚಿತ್ರಗಳಿವೆ, ದೊಡ್ಡವರಿಗೆ ಬಣ್ಣ ತುಂಬುವ ಪ್ರಗತಿ ಚಕ್ರವಿದೆ. ಮಗುವಿನ ಮಾತಿಗೆ ಪ್ರಗತಿ ಪತ್ರದಲ್ಲಿ ಜಾಗ ಸಿಕ್ಕಿದ್ದು ಒಳ್ಳೆಯದೇ. ಆದರೆ ಇದುವರೆಗಿನ ಸಂಶೋಧನೆಯನ್ನು ಇಟ್ಟುಕೊಂಡು ನೋಡಿದರೆ ಅವಧಿಯ ಕೊನೆಯಲ್ಲಿ ಬರೆದ ನಗುಮುಖದಿಂದ ಕಲಿಕೆ ಸುಧಾರಿಸುವ ಸಾಧ್ಯತೆ ತೀರ ಕಡಿಮೆ. ಆಗ ತಿದ್ದಿಕೊಳ್ಳಲು ಏನೂ ಉಳಿದಿರುವುದಿಲ್ಲ. ನನಗೆ ಗಣಿತ ಇಷ್ಟ ಎಂದು ಟಿಕ್ ಹಾಕುವುದಕ್ಕೂ, ನನಗೆ ಛೇದಗಳು ಬೇರೆ ಬೇರೆ ಇದ್ದಾಗ ಕೂಡಿಸಲು ಬರುವುದಿಲ್ಲ ಎಂದು ಗುರುತಿಸುವುದಕ್ಕೂ ತುಂಬ ಅಂತರವಿದೆ.

ಬ್ರೌನ್ ಮತ್ತು ಹ್ಯಾರಿಸ್ ಕಂಡ ಪರಿಣಾಮದ ಆ ಅಂಕಿಗಳು ಸೊನ್ನೆಯ ಆಸುಪಾಸಿನಿಂದ 1.6ರವರೆಗೆ ಚದುರಿದ್ದೇಕೆ ಎಂಬ ಪ್ರಶ್ನೆಗೆ ಉತ್ತರ ಇಲ್ಲಿಯೇ ಇದೆ. ಅಳತೆ ಮೊದಲೇ ಗೊತ್ತಿದ್ದು, ಅಂಕದ ಭಯವಿಲ್ಲದೆ, ಅದೇ ಕೆಲಸವನ್ನು ಇನ್ನೊಮ್ಮೆ ಮಾಡಲು ಸಮಯ ಸಿಕ್ಕ ಕಡೆ ಫಲ ಬಂದಿದೆ. ಇವುಗಳಲ್ಲಿ ನಮ್ಮ ಶಾಲೆಗಳಿಗೆ ಅತಿ ದುಬಾರಿಯಾಗಿರುವುದು ಸಮಯ. ಫಾರಂ ಮುದ್ರಿಸುವುದು ಸುಲಭ, ಪಾಠ ನಿಲ್ಲಿಸಿ ಹಳೆಯ ಉತ್ತರಕ್ಕೆ ಮರಳಲು ಒಂದು ಪೀರಿಯಡ್ ಕೊಡುವುದು ಕಷ್ಟ.

ಎಸ್‌ಎಸ್‌ಎಲ್‌ಸಿ ಮಕ್ಕಳ ವಿಷಯದಲ್ಲಿ ಇದಕ್ಕೆ ಬೇಕಾದ ಸಾಮಗ್ರಿ ಕೈಯಲ್ಲೇ ಇದೆ. ಮಂಡಳಿಯ ಪ್ರಶ್ನೆಪತ್ರಿಕೆಗಳಿಗೆ ಹಂತ ಹಂತಕ್ಕೂ ಅಂಕ ತೋರಿಸುವ ಮಾದರಿ ಉತ್ತರಗಳು ಸಿಗುತ್ತವೆ. ಪರೀಕ್ಷೆಯ ನಂತರ ಉತ್ತರ ಪತ್ರಿಕೆಯ ಛಾಯಾಪ್ರತಿ ಪಡೆಯುವ ಅವಕಾಶವೂ ಇದೆ. 2024ರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ನಡೆಯುತ್ತಿರುವುದರಿಂದ, ಮೊದಲನೆಯದರಲ್ಲಿ ಎಡವಿದ ವಿದ್ಯಾರ್ಥಿ ಆ ಛಾಯಾಪ್ರತಿಯನ್ನು ಮುಂದಿಟ್ಟುಕೊಂಡು ಎರಡನೆಯದಕ್ಕೆ ಓದಬಹುದು. ಪೂರ್ವಸಿದ್ಧತಾ ಪರೀಕ್ಷೆಯ ಹೊತ್ತಿನಲ್ಲಂತೂ ಪ್ರತಿ ಶಾಲೆಯೂ ಮಕ್ಕಳ ಕೈಗೆ ಮಾದರಿ ಉತ್ತರ ಕೊಟ್ಟು, ಅವರವರ ಪತ್ರಿಕೆಯನ್ನು ಅವರಿಂದಲೇ ತೂಗಿಸಬಹುದು.

ಶಿಕ್ಷಕರಲ್ಲಿ, ಮುಖ್ಯೋಪಾಧ್ಯಾಯರಲ್ಲಿ ಒಂದು ಕೋರಿಕೆ. ಮುಂದಿನ ಎಫ್‌ಎ ಪತ್ರಿಕೆಯನ್ನು ಅಂಕ ಬರೆಯದೆ, ತಪ್ಪಿರುವ ಸಾಲಿಗೆ ಒಂದು ಚುಕ್ಕಿ ಮಾತ್ರ ಇಟ್ಟು ಹಿಂತಿರುಗಿಸಿ. ಒಂದು ಪೀರಿಯಡ್ ಪೂರ್ತಿ ಮಕ್ಕಳು ಆ ಚುಕ್ಕಿಗಳಿಗೆ ಕಾರಣ ಹುಡುಕಿ ತಿದ್ದಲಿ. ಅಂಕವನ್ನು ಮರುದಿನ ತಿಳಿಸಿ. ಪೋಷಕರು ಅಂದು ಸಂಜೆ ಮಗುವನ್ನು ಎಷ್ಟು ಬಂತು ಎಂದು ಕೇಳುವ ಬದಲು ಯಾವುದನ್ನು ತಿದ್ದಿಕೊಂಡೆ ಎಂದು ಕೇಳಲಿ.